2,108 ಪುಟಕ್ಕೆ 4,216 ರೂಪಾಯಿ: ಕಟ್ಟಿದವರು, ಕಟ್ಟದವರು ಅನುಭವ ಹೇಳಿ

ರಾಮಕೃಷ್ಣನಗರ, ಮೈಸೂರು (ಕೇಳಿದವರು): ನಮ್ಮ ವಾರ್ಡಿನ ಬೀದಿದೀಪ ರಿಪೇರಿಗೆ ಮೂರು ವರ್ಷದಲ್ಲಿ ಎಷ್ಟು ಖರ್ಚಾಗಿದೆ ಅಂತ ಒಂದು ಕಚೇರಿಗೆ ಆರ್‌ಟಿಐ ಅರ್ಜಿ ಹಾಕಿದ್ದೆ. ಲೆಕ್ಕದ ಎಕ್ಸೆಲ್ ಶೀಟ್ ಕೊಟ್ಟರೆ ಸಾಕು ಅಂತ ಬರೆದಿದ್ದೆ. ಬಿಲ್ಲು, ವೋಚರ್, ಎಂಬಿ (ಕಾಮಗಾರಿಯ ಅಳತೆ ಪುಸ್ತಕ) ಎಲ್ಲ ಸೇರಿ 2,108 ಪುಟ, ಪುಟಕ್ಕೆ 2 ರೂಪಾಯಿಯಂತೆ 4,216 ಕಟ್ಟಿ ಅಂತ ಹಿಂಬರಹ ಬಂದಿದೆ. ಕಟ್ಟಲಾ, ಮೇಲ್ಮನವಿ ಹಾಕಲಾ?

ಕುವೆಂಪುನಗರ: ಕಟ್ಟಿ ಸಾರ್, ಯೋಚನೆ ಮಾಡಬೇಡಿ. ನಾನು ಪಾರ್ಕ್ ಕಾಮಗಾರಿ ಕಡತಗಳಿಗೆ 3,280 ಕಟ್ಟಿದೆ, 1,640 ಪುಟ. ಬಿಳಿ ದಾರ ಕಟ್ಟಿದ ಮೂರು ಬಂಡಲ್ ಕೊಟ್ಟರು. ಸ್ಕೂಟರ್ ಮೇಲೆ ಕೂರಲಿಲ್ಲ, ಆಟೋಗೆ 180. ಮನೆಗೆ ತಂದು ಬಿಚ್ಚಿದರೆ ಅರ್ಧಕ್ಕರ್ಧ ಟೆಂಡರ್ ಷರತ್ತುಗಳು. ಪ್ರತಿ ಕಾಮಗಾರಿಗೂ ಅದೇ ಷರತ್ತು, ಅದೇ ಪುಟ, ಮತ್ತೆ ಮತ್ತೆ ಜೆರಾಕ್ಸ್. ಎಂಬಿ ಪುಟಗಳು ಮಾತ್ರ ಮಸಿ ಬಳಿದ ಹಾಗೆ. ಸ್ಕ್ಯಾನ್ ಮಾಡಿಸೋಕೆ ಪುಟಕ್ಕೆ ಒಂದೂವರೆ ರೂಪಾಯಿ, 2,460 ಆಯಿತು. ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿಕೊಟ್ಟ ಹುಡುಗನಿಗೆ 4,000. ಒಟ್ಟು 9,920. ಮನೆಯಲ್ಲಿ ಇನ್ನೂ ಬೈಯುತ್ತಾರೆ. ಆದರೆ ಒಂದೇ ತಂತಿಬೇಲಿಗೆ ಎರಡು ವರ್ಷ ಎರಡು ಬಿಲ್ ಆಗಿದ್ದು ಆ ಬಂಡಲ್‌ನಲ್ಲೇ ಸಿಕ್ಕಿತು. ಕಟ್ಟದೆ ಇದ್ದಿದ್ದರೆ ಸಿಗುತ್ತಿತ್ತಾ?

ಸುಭಾಷ್‌ನಗರ, ಮಂಡ್ಯ: ಒಂದು ಪೈಸೆ ಕಟ್ಟಬೇಡಿ. ಮೊದಲು ಲಕೋಟೆ ನೋಡಿ. ನನ್ನದು ಒಳಚರಂಡಿ ಕಾಮಗಾರಿ, 307 ಪುಟ, 614 ರೂಪಾಯಿ ಕೇಳಿದರು. ಪತ್ರದ ಮೇಲೆ ಬರೆದ ದಿನಾಂಕ 30 ದಿನದ ಒಳಗೇ ಇತ್ತು. ಅಂಚೆ ಮುದ್ರೆ ಮುಂದಿನ ತಿಂಗಳದ್ದು! ಕಲಂ 7(6) ಏನು ಹೇಳುತ್ತೆ? ಮಾಹಿತಿ ಕೊಡುವ 30 ದಿನದ ಗಡುವು ಮೀರಿದರೆ ಪುಕ್ಕಟೆ ಕೊಡಬೇಕು. ಮೊದಲ ಮೇಲ್ಮನವಿಯನ್ನು ಒಂದೇ ಸಾಲಿನಲ್ಲಿ ವಜಾ ಮಾಡಿದರು. ನಾನು ಬಿಡಲಿಲ್ಲ. 90 ದಿನದ ಒಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಿದೆ. ವಾಯಿದೆ ಅಂತ ಬೆಂಗಳೂರಿಗೆ ಓಡಾಡಿದೆ, ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತೋದು, ರಾತ್ರಿ ಮನೆ ಸೇರೋದು. ಆ ದಿನಗಳಲ್ಲಿ ಅಂಗಡಿ ಬಾಗಿಲು ಹಾಕಿತ್ತು. ರಿಜಿಸ್ಟರ್ಡ್ ಪೋಸ್ಟ್, ಮೇಲ್ಮನವಿಯ ಪ್ರತಿಗಳು, ಊಟ, ಆಟೋ, ಎಲ್ಲ ಕೈಯಿಂದ. ಕೊನೆಗೆ ಪುಕ್ಕಟೆ ಕೊಡಿ ಅಂತ ಆದೇಶ ಆಯಿತು. ಆ ಲಕೋಟೆಯನ್ನು ಇವತ್ತಿಗೂ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ.

ಕುವೆಂಪುನಗರ: 614 ರೂಪಾಯಿ ಉಳಿಸೋಕೆ ವರ್ಷಗಟ್ಟಲೆ ರೈಲು ಹತ್ತಿದಿರಾ? ಅಷ್ಟರಲ್ಲಿ ಕಂಟ್ರಾಕ್ಟರ್ ರಿಪೇರಿ ಮಾಡಿಕೊಡಬೇಕಾದ ಅವಧಿಯೇ ಮುಗಿದಿರುತ್ತೆ. ಆಮೇಲೆ ಆ ಕಾಗದ ಇಟ್ಟುಕೊಂಡು ಏನು ಮಾಡೋದು?

ಸುಭಾಷ್‌ನಗರ, ಮಂಡ್ಯ: ನಿಮ್ಮಂಥವರು ಕೇಳಿದಷ್ಟು ಕಟ್ಟಿ ಬರೋದಕ್ಕೇ ಅವರು ಪುಟ ಜಾಸ್ತಿ ಮಾಡೋದು ಸ್ವಾಮಿ. ಷರತ್ತಿನ ಪುಟಕ್ಕೂ 2 ರೂಪಾಯಿ ಕೊಟ್ಟು ಬಂದವರು ನನಗೆ ಬುದ್ಧಿ ಹೇಳಬೇಡಿ.

ಸಿದ್ಧಾರ್ಥನಗರ, ನಿವೃತ್ತ ಗುಮಾಸ್ತ: ಇಬ್ಬರೂ ಸ್ವಲ್ಪ ತಡೀರಿ. ನಾನು ಟೇಬಲ್‌ನ ಆ ಕಡೆ ಕೂತವನು. ಪುಟ ಎಣಿಸುವ ಕೇಸ್ ವರ್ಕರ್‌ಗೆ ಅದೊಂದೇ ಕೆಲಸ ಅಲ್ಲ. ರೆಕಾರ್ಡ್ ರೂಮಿನ ದೂಳಿನಲ್ಲಿ ಕಡತ ಹುಡುಕಿ, ಪುಟಕ್ಕೆ ನಂಬರ್ ಹಾಕಿ, ಒಂದೊಂದಕ್ಕೂ ದೃಢೀಕರಣದ ಸೀಲು, ಸಹಿ. ಒಬ್ಬರು 900 ಪುಟ ಕೇಳಿದರು. ಪತ್ರ ಕಳಿಸುವ ಮುಂಚೆಯೇ ಸಾಹೇಬರು ಹೆದರಿ ಜೆರಾಕ್ಸ್ ಮಾಡಿಸಿಟ್ಟರು. ಆ ಮನುಷ್ಯ ದುಡ್ಡೂ ಕಟ್ಟಲಿಲ್ಲ, ತಗೊಂಡು ಹೋಗಲೂ ಇಲ್ಲ. ಟೋನರ್ ದುಡ್ಡು ಕೇಳಿದಾಗ ಬೈಸಿಕೊಂಡಿದ್ದು ನಾನು. ಅರ್ಜಿ ಹಾಕಿ ಕಂಟ್ರಾಕ್ಟರ್ ಹತ್ತಿರ ವಸೂಲಿಗೆ ನಿಲ್ಲುವವರನ್ನೂ ನೋಡಿದ್ದೇನೆ.

ಸುಭಾಷ್‌ನಗರ, ಮಂಡ್ಯ: ಯಾರಿಗೆ ಹೇಳಿದಿರಿ ಆ ಮಾತು? ನೇರವಾಗಿ ಹೇಳಿ.

ಸಿದ್ಧಾರ್ಥನಗರ: ನಿಮಗಲ್ಲ. ಕುಂಬಳಕಾಯಿ ಕಳ್ಳ ಅಂದರೆ ನೀವ್ಯಾಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀರಿ?

ಯಾದವಗಿರಿ: ಜಗಳ ಆಮೇಲೆ ಆಡಿ. ನಾನು ದುಡ್ಡನ್ನೂ ಕಟ್ಟಲಿಲ್ಲ, ಆಯೋಗಕ್ಕೂ ಹೋಗಲಿಲ್ಲ. ಕಲಂ 2(ಜೆ) ಪ್ರಕಾರ ಕಡತ ನೋಡುತ್ತೇನೆ ಅಂತ ಬರೆದುಕೊಟ್ಟೆ. ನನ್ನದು ಮರ ಕಡಿದ ವಿಚಾರ. ಮೊದಲ ಸಲ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂದರು. ಇನ್ನೊಂದು ಸಲ ಕೀಲಿ ಇಟ್ಟುಕೊಂಡವರು ರಜೆ. ಕೊನೆಗೆ ಬಾಗಿಲ ಪಕ್ಕ ಒಂದು ಸ್ಟೂಲ್ ಹಾಕಿದರು. ಫ್ಯಾನ್ ಇಲ್ಲ. ಟಿಪ್ಪಣಿ ಮಾಡಿಕೊಳ್ಳೋಕೆ ಕಾಯಿದೆಯಲ್ಲೇ ಅವಕಾಶ ಇದೆ, ಪುಸ್ತಕ ತುಂಬ ಬರೆದುಕೊಂಡೆ. ಮೊಬೈಲ್ ತೆಗೆದ ತಕ್ಷಣ ಅಲ್ಲಿದ್ದವರು ಕೂಗಾಡಿದರು, ಅದನ್ನು ಬ್ಯಾಗಿಗೆ ಹಾಕಿದೆ. ಬೇಕಾದ 38 ಪುಟಕ್ಕೆ ಚೀಟಿ ಇಟ್ಟೆ. 76 ರೂಪಾಯಿ ಕಟ್ಟಿದೆ, ರಸೀದಿ ಇದೆ. ಎಷ್ಟು ಮರಕ್ಕೆ ಅನುಮತಿ, ಎಷ್ಟು ಕಡಿದರು ಅಂತ ಅಷ್ಟರಲ್ಲೇ ಗೊತ್ತಾಯಿತು.

ಕುವೆಂಪುನಗರ: ನಿಮಗೆ ಹೊತ್ತಿದೆ ಮೇಡಂ. ಕೆಲಸಕ್ಕೆ ಹೋಗುವವರು ಸ್ಟೂಲ್ ಮೇಲೆ ಕೂರೋಕಾಗುತ್ತಾ?

ಯಾದವಗಿರಿ: ನಾನೂ ಕೆಲಸಕ್ಕೆ ಹೋಗುವವಳೇ. ರಜೆ ಹಾಕಿ ಹೋದೆ. ನಿಮ್ಮ 9,920ರ ಪಕ್ಕ ನನ್ನ 76 ಇಟ್ಟು ನೋಡಿ, ಅಲ್ವಾ?

ವಿಜಯನಗರ 2ನೇ ಹಂತ: ದರದ ಬಗ್ಗೆ ಯಾರೂ ಹೇಳಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ಶುಲ್ಕ 50, ಪುಟಕ್ಕೆ 5 ರೂಪಾಯಿ ದಾಟಬಾರದು ಅಂದಿದೆ. ನಮ್ಮಲ್ಲಿ 10 ಮತ್ತು 2, ಅದು ಅಗ್ಗವೇ. ನನಗೆ ತಲೆನೋವು ಕೊಟ್ಟಿದ್ದು ಲೇಔಟ್ ನಕ್ಷೆ. ಅದಕ್ಕೆ 2 ರೂಪಾಯಿ ಲೆಕ್ಕ ಇಲ್ಲ, ಖರ್ಚು ನೋಡಿ ಅಧಿಕಾರಿಯೇ ದರ ಹಾಕುತ್ತಾರೆ. ನನಗೆ ಒಂದು ಹಾಳೆಗೆ 600 ಹಾಕಿದರು. ಲೆಕ್ಕ ಕೊಡಿ ಅಂದೆ. ಶುಲ್ಕ ಕೇಳುವಾಗ ಅದನ್ನು ಹೇಗೆ ಹಾಕಿದರು ಅಂತಲೂ ತಿಳಿಸಬೇಕು, 7(3)ರಲ್ಲಿದೆ. ಎರಡನೇ ಪತ್ರದಲ್ಲಿ ಅದೇ ಹಾಳೆ 240 ಆಯಿತು! ಇನ್ನೊಂದು ಕಿರಿಕಿರಿ. ಅರ್ಜಿಗೆ 10 ರೂಪಾಯಿ ಆನ್‌ಲೈನ್‌ನಲ್ಲಿ ಹೋಯಿತು, 240 ಮಾತ್ರ ಕೌಂಟರ್‌ನಲ್ಲೇ ಕಟ್ಟಿ ಅಂದರು. ಕೌಂಟರ್‌ನಲ್ಲಿ ಚಿಲ್ಲರೆ ಇಲ್ಲ.

ರಾಮಕೃಷ್ಣನಗರ: ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಎಕ್ಸೆಲ್ ಶೀಟ್. ಅದನ್ನು ಯಾರಾದರೂ ಪಡೆದಿದ್ದೀರಾ?

ಸಿದ್ಧಾರ್ಥನಗರ: ವಾರ್ಡ್‌ವಾರು ಶೀಟ್ ಅಂತ ಇಟ್ಟಿದ್ದರೆ ಕೊಡಬೇಕು. ಇಲ್ಲದ್ದನ್ನು ನಿಮಗೋಸ್ಕರ ಹೊಸದಾಗಿ ಮಾಡಿಕೊಡಲ್ಲ. ಬಿಲ್ ರಿಜಿಸ್ಟರ್ ಅಂತ ಒಂದಿರುತ್ತೆ, ಅದರ ಪ್ರತಿ ಮಾತ್ರ ಕೇಳಿ. 2,108 ಪುಟ ಎಲ್ಲಿಂದ ಬಂತು ಅಂದರೆ ನೀವು "ಎಲ್ಲ ವಿವರ" ಅಂತ ಬರೆದಿರುತ್ತೀರಿ.

ಸುಭಾಷ್‌ನಗರ, ಮಂಡ್ಯ: ನೋಡಿ, ಈಗ ಕೇಳಿದವರದ್ದೇ ತಪ್ಪಂತೆ! ಲಕೋಟೆ ಮೇಲಿನ ತಾರೀಕು ಹೇಳಿ ಸಾರ್ ಮೊದಲು. ನೆನಪಿರಲಿ, ಅವರು ಪತ್ರ ಕಳಿಸಿದ ದಿನದಿಂದ ನೀವು ಕಟ್ಟುವ ದಿನದವರೆಗೆ 30 ದಿನದ ಲೆಕ್ಕ ನಿಂತಿರುತ್ತೆ. ಸುಮ್ನೆ ಕೂತರೆ ನಷ್ಟ ನಿಮಗೇ.

ಕುವೆಂಪುನಗರ: ಅದನ್ನೇ ನಾನೂ ಹೇಳಿದ್ದು, ಕಟ್ಟಿ ಅಂತ. ಅಂದ ಹಾಗೆ ಸ್ಕ್ಯಾನ್ ಮಾಡಿಸೋದಾದರೆ ಸರಸ್ವತಿಪುರಂ ಕಡೆ ಹೋಗಿ, ಪುಟಕ್ಕೆ 1 ರೂಪಾಯಿಗೆ ಮಾಡುತ್ತಾರಂತೆ.

ಸುಭಾಷ್‌ನಗರ, ಮಂಡ್ಯ: ಮಂಡ್ಯದಲ್ಲಿ 80 ಪೈಸೆ.