ಕೋಲ್ಡ್ ಸ್ಟೋರೇಜ್ ಕಂಪ್ರೆಸರ್: ರಿಲೇ ಬದಲಿಸಿದರೂ ಸ್ಟಾರ್ಟರ್ ಟ್ರಿಪ್ ಆಗುವುದು ನಿಂತಿಲ್ಲ

ಬ್ಯಾಡಗಿ_ಶೀತಗೃಹ:
ಅಮೋನಿಯಾ ಕಂಪ್ರೆಸರ್ ಪದೇ ಪದೇ ಟ್ರಿಪ್ ಆಗಿ ನಿಲ್ಲುತ್ತಿದೆ. ಕರೆಂಟ್ ಹೆಚ್ಚಾದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಹೊಸದು ಹಾಕಿಸಿದ್ದಾಯಿತು, ಮತ್ತೆ ಅದೇ ರಾಗ. ಆಂಪಿಯರ್ ಸರಿಯಾಗಿಯೇ ಇದೆ. ಒಳಗೆ ರೈತರ ಮೆಣಸಿನಕಾಯಿ ಚೀಲಗಳಿವೆ, ಕೋಣೆ 5 ಡಿಗ್ರಿಯಿಂದ 11ಕ್ಕೆ ಏರಿದೆ. ಏನು ಮಾಡಬೇಕೆಂದು ನೇರವಾಗಿ ಹೇಳಿ. ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ ಎಂದು ಬರೆಯಬೇಡಿ. ಕರೆಸಿದೆ, ಚಹಾ ಕುಡಿದು ಹೋದ.

ಹಳೆಯ_ಫಿಟ್ಟರ್:
ಕಂಡೆನ್ಸರ್. ಅಮೋನಿಯಾವನ್ನು ನೀರಿನಿಂದ ತಣಿಸುವ ಅದರ ಕೊಳವೆಯೊಳಗೆ ನಿಮ್ಮ ಕಡೆಯ ಬೋರ್‌ವೆಲ್ ನೀರಿಗೆ ಸುಣ್ಣ ಕಟ್ಟಿರುತ್ತದೆ. ಹೆಡ್ ಪ್ರೆಶರ್ (ಕಂಪ್ರೆಸರಿನಿಂದ ಹೊರಬರುವ ಅನಿಲದ ಒತ್ತಡ) ಏರುತ್ತದೆ, ಮೋಟಾರಿಗೆ ಭಾರ ಬೀಳುತ್ತದೆ, ರಿಲೇ ಬಿಡುತ್ತದೆ. ಕೊಳವೆ ಉಜ್ಜಿಸಿ.

ತಂತಿ_ಪರೀಕ್ಷಕ:
ಸರ್, ಮೋಟಾರು ಎಷ್ಟು ಎಚ್‌ಪಿ? ಸ್ಟಾರ್ಟರ್ ಡಿಒಎಲ್ (ಶುರುವಿನಲ್ಲೇ ಪೂರ್ತಿ ವೋಲ್ಟೇಜ್ ಕೊಡುವುದು) ಆಗಿದೆಯೋ ಸ್ಟಾರ್-ಡೆಲ್ಟಾವೋ (ಮೊದಲು ಸ್ಟಾರ್‌ನಲ್ಲಿ ಕಡಿಮೆ, ಆಮೇಲೆ ಡೆಲ್ಟಾದಲ್ಲಿ ಪೂರ್ತಿ)? ಟ್ರಿಪ್ ಆಗುವುದು ಶುರುವಿನಲ್ಲೋ, ಓಡುತ್ತಿರುವಾಗಲೋ? ಇದಾವುದನ್ನೂ ನೀವು ಬರೆದಿಲ್ಲ.

ಬ್ಯಾಡಗಿ_ಶೀತಗೃಹ:
ಎಲ್ಲ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಇರುವಂತೆಯೇ ಇದೆ. 30 ಎಚ್‌ಪಿ, ಸ್ಟಾರ್-ಡೆಲ್ಟಾ. ಚೆನ್ನಾಗಿ ಓಡುತ್ತಿರುತ್ತದೆ, ಅರ್ಧ ಮುಕ್ಕಾಲು ಗಂಟೆಗೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಹೆಡ್ ಪ್ರೆಶರ್ ಚದರ ಇಂಚಿಗೆ 185 ಪೌಂಡ್.

ಹಳೆಯ_ಫಿಟ್ಟರ್:
ಹೇಳಿದೆನಲ್ಲ, ಕಂಡೆನ್ಸರ್.

ತಂತಿ_ಪರೀಕ್ಷಕ:
ಅಮೋನಿಯಾಕ್ಕೆ 185 ಪೌಂಡ್ ಎಂದರೆ ಕಂಡೆನ್ಸಿಂಗ್ (ಅನಿಲ ದ್ರವವಾಗುವ ತಾಪ) ಸುಮಾರು 35 ಡಿಗ್ರಿ. ಬೇಸಿಗೆಯಲ್ಲಿ ಇದು ಹೆಚ್ಚೇನಲ್ಲ, ಯಜಮಾನರೇ. ಸುಣ್ಣ ಕಟ್ಟಿದ್ದರೆ ಗೇಜ್ 220 ದಾಟಿರುತ್ತಿತ್ತು.

ಹಳೆಯ_ಫಿಟ್ಟರ್:
ಗೇಜ್ ಸರಿ ಇದೆ ಎಂದು ಯಾರು ಹೇಳಿದರು? ನೀವು ಹುಟ್ಟುವ ಮೊದಲಿನಿಂದ ಅಮೋನಿಯಾ ಕುಡಿಯುತ್ತಿದ್ದೇನೆ.

ಸರ್ಕ್ಯೂಟ್_ಸಿದ್ಧ:
ರಿಲೇ ಎಷ್ಟಕ್ಕಿದೆ? 30 ಎಚ್‌ಪಿ ಮೋಟಾರು ಪೂರ್ತಿ ಭಾರಕ್ಕೆ 40 ಆಂಪಿಯರ್ ಎಳೆಯುತ್ತದೆ.

ಬ್ಯಾಡಗಿ_ಶೀತಗೃಹ:
23ಕ್ಕೆ.

ಸರ್ಕ್ಯೂಟ್_ಸಿದ್ಧ:
ಸಿಕ್ಕಿತು! 40ಕ್ಕೆ ತಿರುಗಿಸಿ, ನೆಮ್ಮದಿಯಾಗಿ ಮಲಗಿ.

ತಂತಿ_ಪರೀಕ್ಷಕ:
ದಯವಿಟ್ಟು ತಿರುಗಿಸಬೇಡಿ. ಸ್ಟಾರ್-ಡೆಲ್ಟಾದಲ್ಲಿ ರಿಲೇ ಸಾಮಾನ್ಯವಾಗಿ ಮುಖ್ಯ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಕೆಳಗೆ, ವೈಂಡಿಂಗಿನ (ಮೋಟಾರಿನೊಳಗಿನ ತಂತಿ ಸುರುಳಿ) ದಾರಿಯಲ್ಲಿ ಕೂತಿರುತ್ತದೆ. ಅದರ ಮೂಲಕ ಹರಿಯುವುದು ಲೈನಿನ ಕರೆಂಟಿನ 58 ಪ್ರತಿಶತ ಮಾತ್ರ. 40ರ 58 ಪ್ರತಿಶತ ಎಂದರೆ 23. ಅಲ್ಲಿ 40 ಇಟ್ಟರೆ ರಿಲೇ ಇದ್ದೂ ಇಲ್ಲದಂತೆ. ಮೋಟಾರು ಸುಟ್ಟ ಮೇಲೆ ರಿವೈಂಡಿಂಗ್ ಬಿಲ್ಲು ನೀವು ಕೊಡುತ್ತೀರಾ?

ಮಲ್ಪೆ_ಐಸ್:
ಈ ಸ್ಟಾರ್-ಡೆಲ್ಟಾ ಸಹವಾಸವೇ ಬೇಡ. ನಮ್ಮ ಐಸ್ ಪ್ಲಾಂಟಿನಲ್ಲಿ ವಿಎಫ್‌ಡಿ (ಮೋಟಾರಿನ ವೇಗ ಏರಿಳಿಸುವ ಸಾಧನ) ಹಾಕಿಸಿದೆವು, ಶುರುವಾಗುವಾಗ ಬಲ್ಬು ಕೂಡ ಮಿನುಗುವುದಿಲ್ಲ. ಬೋಟುಗಳು ಬರುವ ಹೊತ್ತಿಗೆ ದಿಮ್ಮಿಗಳು ಸಾಲುಗಟ್ಟಿ ನಿಂತಿರುತ್ತವೆ. ಪ್ಯಾನೆಲ್ ಫೋಟೊ ಹಾಕಲೇ?

ಹಳೆಯ_ಫಿಟ್ಟರ್:
ವಿಎಫ್‌ಡಿಯಲ್ಲಿ ವೇಗ ತೀರಾ ಇಳಿಸಿದರೆ ಆಯಿಲ್ ಪಂಪಿನ ಒತ್ತಡ ಬೀಳುತ್ತದೆ. ಬೇರಿಂಗ್ ಹೋದ ದಿನ ಅದರ ಫೋಟೊ ಹಾಕಿ.

ಮಲ್ಪೆ_ಐಸ್:
ಕನಿಷ್ಠ ವೇಗ ಕಟ್ಟಿಟ್ಟಿದ್ದೇವೆ, ಅಜ್ಜ. ನಮಗೂ ಅಷ್ಟು ಗೊತ್ತು.

ತಂತಿ_ಪರೀಕ್ಷಕ:
ಬ್ಯಾಡಗಿಯವರೇ, ಆಂಪಿಯರ್ ಸರಿ ಇದೆ ಎಂದಿರಲ್ಲ, ಮೂರೂ ಫೇಸಿನಲ್ಲಿ ನೋಡಿದ್ದೀರಾ?

ಬ್ಯಾಡಗಿ_ಶೀತಗೃಹ:
ಪ್ಯಾನೆಲ್ ಮೇಲಿನ ಮೀಟರಿನಲ್ಲಿ ನೋಡುತ್ತೇನೆ. 37 ತೋರಿಸುತ್ತದೆ, ಟ್ರಿಪ್ ಆಗುವ ಕ್ಷಣದಲ್ಲೂ ಅಷ್ಟೇ. ಆರ್, ವೈ, ಬಿ ಮೂರು ಫೇಸುಗಳಲ್ಲಿ ಒಂದನ್ನು ಆರಿಸುವ ಅದರ ಸೆಲೆಕ್ಟರ್ ನಾಬ್ ಹಿಂದಿನ ವರ್ಷವೇ ಮುರಿದಿದೆ, ಆರ್ ಫೇಸಿನಲ್ಲೇ ನಿಂತಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ತಂತಿ_ಪರೀಕ್ಷಕ:
ಸಂಬಂಧ ಇರುವುದೇ ಅಲ್ಲಿ. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತಂದು, ಕಂಪ್ರೆಸರ್ ಬಿಸಿಯಾದ ಮೇಲೆ ಒಳಬರುವ ಮೂರೂ ತಂತಿಗಳನ್ನು ಅಳೆಯಿಸಿ. ಹಾಗೆಯೇ ಓಡುತ್ತಿರುವಾಗ ಮುಖ್ಯ ಮತ್ತು ಡೆಲ್ಟಾ ಕಾಂಟ್ಯಾಕ್ಟರುಗಳ ಪ್ರತಿಯೊಂದು ಪಾಯಿಂಟಿನ (ಒಳಗೆ ಕೂಡುವ ಲೋಹದ ತುದಿ) ಮೇಲಿನಿಂದ ಕೆಳಕ್ಕೆ ವೋಲ್ಟೇಜ್ ನೋಡಲಿ. ಒಳ್ಳೆಯ ಪಾಯಿಂಟಿನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಪ್ಯಾನೆಲ್‌ನೊಳಗೆ ನೀವು ಕೈ ಹಾಕಬೇಡಿ, ಅಭ್ಯಾಸ ಇರುವವರು ಮಾಡಲಿ.

ಬ್ಯಾಡಗಿ_ಶೀತಗೃಹ:
ಬೇರೊಬ್ಬರನ್ನು ಕರೆಸಿದೆ. ತಣ್ಣಗಿದ್ದಾಗ 37, 38, 37. ನಿಲ್ಲುವ ಸ್ವಲ್ಪ ಮೊದಲು ಆರ್ 37, ವೈ 63, ಬಿ 38. ಮೋಟಾರಿನ ಸದ್ದೂ ಬದಲಾಯಿತು.

ತಂತಿ_ಪರೀಕ್ಷಕ:
ಡೆಲ್ಟಾ ಕಾಂಟ್ಯಾಕ್ಟರಿನ ಒಂದು ಪಾಯಿಂಟ್ ಬಿಸಿಯಾದಾಗ ಸಂಪರ್ಕ ಬಿಡುತ್ತಿದೆ. ಮೂರರಲ್ಲಿ ಒಂದು ವೈಂಡಿಂಗ್ ಖಾಲಿ ಕೂತು, ಉಳಿದೆರಡು ಅದರ ಭಾರ ಹೊರುತ್ತಿವೆ. ಆಗ ಎರಡು ಲೈನುಗಳು ಹೆಚ್ಚುಕಡಿಮೆ ಮೊದಲಿನಂತೆಯೇ ತೋರಿಸುತ್ತವೆ, ಆ ಎರಡು ವೈಂಡಿಂಗ್ ಕೂಡುವ ಮೂರನೆಯದು ಮಾತ್ರ 1.7 ಪಟ್ಟು ಏರುತ್ತದೆ. 37ಕ್ಕೆ 63, ಲೆಕ್ಕ ತಾಳೆಯಾಯಿತು. ಆದರೆ ವೈಂಡಿಂಗಿನಲ್ಲಿ 21ರ ಬದಲು 37 ಹರಿಯುತ್ತಿದೆ. 23ಕ್ಕಿಟ್ಟ ರಿಲೇ ಬಿಡದೆ ಇನ್ನೇನು ಮಾಡೀತು? ಅದೇ ನಿಮ್ಮ ಮೋಟಾರನ್ನು ಇಷ್ಟು ದಿನ ಉಳಿಸಿದ್ದು.

ಹಳೆಯ_ಫಿಟ್ಟರ್:
ಪಾಯಿಂಟ್ ಸುಟ್ಟದ್ದು ಏಕೆ? ಭಾರ ಹೆಚ್ಚಾಗಿದ್ದಕ್ಕೆ. ಭಾರ ಹೆಚ್ಚಾದದ್ದು ಏಕೆ?

ತಂತಿ_ಪರೀಕ್ಷಕ:
ಕಂಡೆನ್ಸರ್ ಎನ್ನಬೇಡಿ, ಯಜಮಾನರೇ.

ಬ್ಯಾಡಗಿ_ಶೀತಗೃಹ:
ಬಿಚ್ಚಿದರು. ಒಂದು ಪಾಯಿಂಟ್ ಕಪ್ಪಾಗಿ ಗುಳಿ ಬಿದ್ದಿದೆ, ಸ್ಪ್ರಿಂಗ್ ಸಡಿಲವಾಗಿದೆ. ಕಾಂಟ್ಯಾಕ್ಟ್ ಕಿಟ್ ಇಲ್ಲಿ ಸಿಗಲಿಲ್ಲ, ಹುಬ್ಬಳ್ಳಿಗೆ ಹುಡುಗನನ್ನು ಕಳಿಸಿದ್ದೇನೆ. ಅಲ್ಲಿಯವರೆಗೆ ಸ್ಯಾಂಡ್‌ಪೇಪರಿನಿಂದ ಉಜ್ಜಿ ಓಡಿಸಬಹುದೇ?

ತಂತಿ_ಪರೀಕ್ಷಕ:
ಬೇಡ. ಉಜ್ಜಿದರೆ ಮೇಲಿನ ಬೆಳ್ಳಿ ಪದರವೂ ಹೋಗುತ್ತದೆ, ಇನ್ನೂ ಬೇಗ ಸುಡುತ್ತದೆ. ಕೋಣೆಯ ಬಾಗಿಲು ತೆರೆಯದೆ ಕಾಯಿರಿ. ಕಿಟ್ ಬಂದಾಗ ಮೂರೂ ಪಾಯಿಂಟ್ ಒಟ್ಟಿಗೆ ಬದಲಿಸಿ, ಸೆಲೆಕ್ಟರ್ ನಾಬನ್ನೂ.

ಬೇಕರಿ_ಬಂಧು:
ನನಗೂ ಇದೇ ಸಮಸ್ಯೆ. ಐಸ್‌ಕ್ರೀಮ್ ಫ್ರೀಜರ್, ಸಿಂಗಲ್ ಫೇಸ್. ಡೆಲ್ಟಾ ಕಾಂಟ್ಯಾಕ್ಟರ್ ಎಲ್ಲಿರುತ್ತದೆ?

ಹಳೆಯ_ಫಿಟ್ಟರ್:
ನಿಮ್ಮದರಲ್ಲಿ ಅದು ಇರುವುದಿಲ್ಲ. ಹಿಂಬದಿಯ ಕಂಡೆನ್ಸರಿನ ಧೂಳು ಒರೆಸಿದ್ದೀರಾ?