ಚಿಗಟಕ್ಕೆ ಯಾವ ಔಷಧಿ? ಪಶುವೈದ್ಯರನ್ನ ಕೇಳಿ

ಅಡ್ಮಿನ್: ಇವತ್ತು ನಮ್ಮ ಗ್ರೂಪಿನ ಪಶುವೈದ್ಯರು ಚಿಗಟದ ಔಷಧಿ ಬಗ್ಗೆ ಉತ್ತರ ಕೊಡ್ತಾರೆ. ನಾಯಿ ವಯಸ್ಸು, ತೂಕ, ಮನೇಲಿ ಬೇರೆ ಪ್ರಾಣಿ ಇದ್ರೆ ಅದನ್ನೂ ಬರೀರಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬ್ರೂನೋ ಅಪ್ಪ: ನಮಸ್ತೆ ಡಾಕ್ಟ್ರೇ. ಲ್ಯಾಬ್, 3 ವರ್ಷ, 28 ಕೆಜಿ. ಡ್ರಾಪ್ಸ್ ಒಳ್ಳೇದಾ, ಮಾತ್ರೆನಾ?

ಡಾಕ್ಟರ್: ನಮಸ್ತೆ. ಆರೋಗ್ಯವಾಗಿರೋ ನಾಯಿಗೆ ಎರಡೂ ನಡೆಯುತ್ತೆ. ನೀರು ಕಂಡ್ರೆ ಹಾರೋ ಪೈಕಿ ಆದ್ರೆ ಮಾತ್ರೆ ವಾಸಿ. ಡ್ರಾಪ್ಸ್ ಆದ್ರೆ ಭುಜಗಳ ನಡುವೆ, ನಾಲಿಗೆ ಎಟುಕದ ಕಡೆ ಕೂದಲು ಬಿಡಿಸಿ ಚರ್ಮದ ಮೇಲೇ ಬೀಳಬೇಕು. ಕೂದಲ ಮೇಲೆ ಸುರಿದ್ರೆ ದುಡ್ಡು ದಂಡ. ಉಣ್ಣೆನೂ ಇದ್ರೆ ಬರೀ ಇಮಿಡಾಕ್ಲೋಪ್ರಿಡ್ ಇರೋ ಡ್ರಾಪ್ಸ್ ತಗೋಬೇಡಿ, ಉಣ್ಣೆಗೆ ಅದು ನಾಟಲ್ಲ.

ಪಿಂಕಿ ಅಮ್ಮ: ಸರ್, ಡ್ರಾಪ್ಸ್ ಹಾಕಿದ ಮಾರನೇ ದಿನ ಸ್ನಾನ ಮಾಡಿಸಬಹುದಾ?

ಡಾಕ್ಟರ್: ಬೇಡಮ್ಮ. ಹಾಕೋಕೆ ಮುಂಚೆ 48 ಗಂಟೆ, ಹಾಕಿದ ಮೇಲೆ 48 ಗಂಟೆ ಸ್ನಾನ ಇಲ್ಲ.

ಸಿಂಬಾ ಮನೆ: ಕಾಲರ್ ಹಾಕಿದ್ರೆ ಆಗಲ್ವಾ ಸರ್? ಜೊತೆಗೆ ನಮ್ಮ ಬೆಕ್ಕು ರಾತ್ರಿಯೆಲ್ಲಾ ಕೂಗುತ್ತೆ, ಯಾಕೆ?

ಲಿಲ್ಲಿ ಮನೆಯವರು: ಡಾಕ್ಟ್ರೇ, ನಮ್ಮ ಹುಡುಗಿಗೆ 7 ವರ್ಷ, 11 ಕೆಜಿ. ಫಿಟ್ಸ್ ಇದೆ, ಫಿನೋಬಾರ್ಬಿಟಾಲ್ ನಡೀತಿದೆ. ಬಾಲದ ಬುಡ ಕಚ್ಚಿ ಕಚ್ಚಿ ಅಲ್ಲಿ ಕೂದಲೇ ಉಳಿದಿಲ್ಲ. ಚಿಗಟ ಒಂದೂ ಕಂಡಿಲ್ಲ, ಕಪ್ಪು ಪುಡಿ ಮಾತ್ರ ಇದೆ. ಅಂಗಡಿಯವರು ಅಗಿಯೋ ಮಾತ್ರೆ ಕೊಟ್ಟಿದ್ದಾರೆ, ಇನ್ನೂ ತಿನ್ನಿಸಿಲ್ಲ. ಮನೇಲಿ ಬೆಕ್ಕೂ ಇದೆ, ಎರಡೂ ಒಟ್ಟಿಗೇ ಮಲಗ್ತಾವೆ.

ಡಾಕ್ಟರ್: ಸದ್ಯಕ್ಕೆ ಆ ಮಾತ್ರೆ ಕೊಡಲೇಬೇಡಿ. ಡಬ್ಬಿ ಹಿಂದೆ ಓದಿ. ಅಫೋಕ್ಸೊಲೇನರ್, ಫ್ಲೂರಲೇನರ್, ಸರೊಲೇನರ್, ಲೋಟಿಲೇನರ್, ಇದರಲ್ಲಿ ಯಾವುದಾದ್ರೂ ಇದ್ಯಾ? ಎಲ್ಲಾ ಒಂದೇ ಜಾತಿ. ಬಹುಪಾಲು ನಾಯಿಗಳಿಗೆ ಒಳ್ಳೇ ಔಷಧಿನೇ, ನಾನೂ ಬರೆದುಕೊಡ್ತೀನಿ. ಆದ್ರೆ ಕೆಲವಕ್ಕೆ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಮೊದಲೇ ಫಿಟ್ಸ್ ಇರೋ ನಾಯಿಗೆ ಬೇರೆ ದಾರಿ ಇರುವಾಗ ಈ ಗೊಡವೆ ಯಾಕೆ? ಅದರಲ್ಲೂ ಫ್ಲೂರಲೇನರ್ ಮಾತ್ರೆ 12 ವಾರ ಮೈಯಲ್ಲಿ ಕೆಲಸ ಮಾಡುತ್ತೆ. ಏನಾದ್ರೂ ಆದ್ರೆ ವಾಪಸ್ ತೆಗೆಯೋಕಾಗಲ್ಲ.

ಇನ್ನು ಬೆಕ್ಕು. ಪರ್ಮೆಥ್ರಿನ್ ಇರೋ ಡ್ರಾಪ್ಸ್ ನಿಮ್ಮ ಮನೆ ಹೊಸಿಲು ದಾಟಬಾರದು. ನಾಯಿ ತಡ್ಕೊಳ್ಳುತ್ತೆ, ಬೆಕ್ಕಿನ ಲಿವರ್‌ಗೆ ಅದನ್ನ ಕರಗಿಸೋ ತಾಕತ್ತಿಲ್ಲ. ಔಷಧಿ ಒಣಗದ ಬೆನ್ನಿಗೆ ಒರಗಿ ಮಲಗಿದ್ರೂ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು.

ಉಳಿದದ್ದು ಸೆಲಾಮೆಕ್ಟಿನ್ ಇಲ್ಲಾ ಇಮಿಡಾಕ್ಲೋಪ್ರಿಡ್ ಡ್ರಾಪ್ಸ್. ಇಮಿಡಾಕ್ಲೋಪ್ರಿಡ್ ಜೊತೆ ಪರ್ಮೆಥ್ರಿನ್ ಸೇರಿಸಿರೋ ಪ್ಯಾಕೂ ಇದೆ, ಕಣ್ಣಿಟ್ಟು ಓದಿ. ಎರಡರಲ್ಲಿ ಯಾವುದು ಅಂತ ಫಿಟ್ಸ್ ನೋಡ್ತಿರೋ ವೈದ್ಯರನ್ನ ಕೇಳಿಯೇ ಹಾಕಿ. ಬೆಕ್ಕಿಗೂ ಅದೇ ದಿನ ಹಾಕಬೇಕು, ಬೆಕ್ಕಿನದೇ ಪ್ಯಾಕಿಂದ.

ಆ ಕಪ್ಪು ಪುಡೀನ ಒದ್ದೆ ಬಿಳಿ ಟಿಶ್ಯೂ ಮೇಲೆ ಉದುರಿಸಿ ಒತ್ತಿ. ಸುತ್ತ ಕೆಂಪಗೆ ಹರಡಿದ್ರೆ ಚಿಗಟದ ಹಿಕ್ಕೆ, ಅಂದ್ರೆ ನಾಯಿಯದೇ ರಕ್ತ. ಅಲರ್ಜಿ ಇರೋ ನಾಯಿಗೆ ಒಂದೆರಡು ಕಡಿತ ಸಾಕು. ಕಚ್ಚಿ ನೆಕ್ಕಿ ಚಿಗಟಾನ ತಾನೇ ನುಂಗಿಬಿಡುತ್ತೆ, ಅದಕ್ಕೇ ನಿಮ್ಮ ಕಣ್ಣಿಗೆ ಬೀಳ್ತಿಲ್ಲ.

ಶೇರು ಮಾಮ: ಫಾರ್ವರ್ಡ್ ಬಂದಿದ್ದು: ಕೆಮಿಕಲ್ ಕೆಟ್ಟದ್ದು, ದಿನಾ ಎರಡು ಎಸಳು ಬೆಳ್ಳುಳ್ಳಿ ತಿನ್ನಿಸಿ, ಮೈಗೆ ಟೀ ಟ್ರೀ ಎಣ್ಣೆ ಹಚ್ಚಿ, ಏಳೇ ದಿನದಲ್ಲಿ ಚಿಗಟ ಮಾಯ. ಕಂಪನಿಗಳು ಮುಚ್ಚಿಟ್ಟ ಗುಟ್ಟು!!

ಡಾಕ್ಟರ್: ಇದನ್ನ ಅಳಿಸಿ. ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ಟೀ ಟ್ರೀ ಎಣ್ಣೆ ಚರ್ಮದಿಂದ ಒಳಗಿಳಿದು ಕಾಲಿನ ಸ್ವಾಧೀನ ತಪ್ಪಿಸುತ್ತೆ. ಮುಂದಿನ ಫಾರ್ವರ್ಡ್ ಸೀಮೆಎಣ್ಣೆ, ಫಿನಾಯಿಲ್ ಇರುತ್ತೆ, ಅದಕ್ಕೂ ಈಗಲೇ ಹೇಳ್ತೀನಿ: ಬೇಡ.

ಶೇರು ಮಾಮ: ನಮ್ಮಪ್ಪನ ಕಾಲದಿಂದ ಬೆಳ್ಳುಳ್ಳಿ ಹಾಕ್ತಿದ್ದೀವಿ. ಒಂದು ನಾಯಿನೂ ಸತ್ತಿಲ್ಲ.

ಬ್ರೂನೋ ಅಪ್ಪ: ಚಿಗಟ ಸತ್ತಿದ್ಯಾ?

ಶೇರು ಮಾಮ: ನಿಮ್ಮನ್ನ ಯಾರು ಕೇಳಿದ್ರು ಸ್ವಾಮಿ?

ಪಿಂಕಿ ಅಮ್ಮ: ಪರ್ಮೆಥ್ರಿನ್ ವಿಷ ಅಂತ ಡಾಕ್ಟ್ರೇ ಹೇಳಿದ್ರಲ್ಲ. ಕೆಮಿಕಲ್ ಕೆಟ್ಟದ್ದು ಅಂತ ಮಾಮ ಹೇಳಿದ್ರಲ್ಲಿ ತಪ್ಪೇನು?

ಬ್ರೂನೋ ಅಪ್ಪ: ಬೆಕ್ಕಿಗೆ ಅಂದ್ರು ಮೇಡಂ. ಪೂರ್ತಿ ಓದಿ.

ಪಿಂಕಿ ಅಮ್ಮ: ನನಗೂ ಓದು ಬರುತ್ತೆ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಗುಂಡು ಅಕ್ಕ: ಸರ್, 5 ವಾರದ ಮರಿ, ಮೈತುಂಬಾ ಚಿಗಟ. ಫಿಪ್ರೊನಿಲ್ ಹೊಡೀಬಹುದಾ?

ಡಾಕ್ಟರ್: ಮನೇಲಿ ನೀವಾಗಿ ಹಾಕಬೇಡಿ. ಹಲ್ಲು ಒತ್ತಾಗಿರೋ ಬಾಚಣಿಗೆಯಲ್ಲಿ ಬಾಚಿ, ಸಿಕ್ಕಿದ್ದನ್ನ ಸೋಪು ನೀರಿಗೆ ಅದ್ದಿ. ತುಟಿ ಎತ್ತಿ ವಸಡು ನೋಡಿ. ಬಿಳಚಿಕೊಂಡಿದ್ರೆ ರಕ್ತ ಕಮ್ಮಿಯಾಗಿದೆ, ಈಗಲೇ ಆಸ್ಪತ್ರೆಗೆ ಹೊರಡಿ.

ಮೋತಿ ಮನೆ: ಡ್ರಾಪ್ಸ್ ಹಾಕಿ ಮೂರು ವಾರ, ಮತ್ತೆ ಚಿಗಟ. ಡೂಪ್ಲಿಕೇಟ್ ಮಾಲಾ?

ಡಾಕ್ಟರ್: ಇರಲಿಕ್ಕಿಲ್ಲ. ಮೈಮೇಲಿರೋದು ಹೆಚ್ಚುಕಮ್ಮಿ ಶೇ. 5 ಮಾತ್ರ, ಉಳಿದದ್ದು ಮೊಟ್ಟೆ, ಮರಿಹುಳು, ಗೂಡು ಆಗಿ ನೆಲ, ಹಾಸಿಗೆ, ಸೋಫಾ ಸಂದಿಯಲ್ಲಿರುತ್ತೆ. ಗೂಡೊಳಗಿರೋದಕ್ಕೆ ಸ್ಪ್ರೇ ನಾಟಲ್ಲ, ತಿಂಗಳುಗಟ್ಟಲೆ ಕಾದಿದ್ದು ಹೊರಗೆ ಬರುತ್ತೆ. ಮೂರು ತಿಂಗಳು ಬಿಡದೆ ಹಾಕಿ, ಹಾಸಿಗೆ 60 ಡಿಗ್ರಿ ನೀರಲ್ಲಿ ಒಗೀರಿ, ಸಂದಿಗೊಂದಿಗೆ ವ್ಯಾಕ್ಯೂಮ್ ಹೊಡೀರಿ.

ರಾಕಿ ಬ್ರದರ್: ಡ್ರಾಪ್ಸ್ ಹಾಕಿದ ದಿನ ಸ್ನಾನ?

ಡಾಕ್ಟರ್: ಮೇಲೆ ಇದೆ.

ರಾಕಿ ಬ್ರದರ್: ದೊಡ್ಡ ನಾಯಿದು ತಂದು ಎರಡು ಸಣ್ಣ ನಾಯಿಗೆ ಅರ್ಧ ಅರ್ಧ?

ಡಾಕ್ಟರ್: ಬೇಡ. ತೂಕಕ್ಕೆ ತಕ್ಕ ಪ್ಯಾಕ್.

ಪಿಂಕಿ ಅಮ್ಮ: ಅವರು ಕೇಳಿದ್ರಲ್ಲಿ ತಪ್ಪೇನಿದೆ? ಒಂದೊಂದೇ ಪದದಲ್ಲಿ ಉತ್ತರ ಕೊಡ್ತಿದ್ದೀರಿ.

ಡಾಕ್ಟರ್: ಸ್ನಾನದ ಪ್ರಶ್ನೆಗೆ ನಿಮಗೇ ಪೂರ್ತಿ ಉತ್ತರ ಕೊಟ್ಟಿದ್ದೀನಿ. ಅದನ್ನ ಅವರಿಗೆ ತೋರಿಸಿ.

ಲಿಲ್ಲಿ ಮನೆಯವರು: ಟಿಶ್ಯೂ ಕೆಂಪಾಯ್ತು ಡಾಕ್ಟ್ರೇ. ಮಾತ್ರೆ ಫ್ಲೂರಲೇನರ್.

ಡಾಕ್ಟರ್: ಅಂಗಡಿಗೆ ವಾಪಸ್ ಕೊಡಿ. ಬೆಳಿಗ್ಗೆ ವೈದ್ಯರಿಗೆ ಫೋನ್ ಮಾಡಿ, ಬಾಲದ ಬುಡದ ಫೋಟೋನೂ ಕಳಿಸಿ. ಗಾಯ ಒದ್ದೆಯಾಗಿದ್ರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ.

ಶೇರು ಮಾಮ: ಬೇವಿನೆಣ್ಣೆಗಾದ್ರೂ ಅಪ್ಪಣೆ ಇದ್ಯಾ ಸಾಹೇಬ್ರೇ?

ಸಿಂಬಾ ಮನೆ: ಕಾಲರ್ ಬಗ್ಗೆ ಕೇಳಿದ್ದೆ ಸರ್...