ಹೊಸ ಕಪ್ಪು ಕಾರಿನ ಸೆರಾಮಿಕ್ ಕೋಟಿಂಗ್ ಮೇಲೆ ಬಿಳಿ ಉಂಗುರಗಳು, ಏನು ಮಾಡಿದರೂ ಹೋಗುತ್ತಿಲ್ಲ

ಕರಿಕುದುರೆ, ಕನಕಪುರ ರಸ್ತೆ:
ಎಲ್ಲರಿಗೂ ನಮಸ್ಕಾರ. ಮನೆಯವರೆಲ್ಲ ಬಿಳಿ ಬಣ್ಣವೇ ಸಾಕು ಎನ್ನುತ್ತಿದ್ದರೂ ಹಟ ಹಿಡಿದು ಕಪ್ಪು ಕಾರು ತಂದವನು ನಾನು. ಈಗ ಮನೆಯಲ್ಲಿ ಬಾಯಿ ಬಿಡುವ ಹಾಗಿಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಶೋರೂಮಿನವರು ಸೆರಾಮಿಕ್ ಕೋಟಿಂಗ್‌ಗೆ, ಅಂದರೆ ಬಣ್ಣದ ಮೇಲೆ ಹಚ್ಚಿ ಗಟ್ಟಿಯಾಗಲು ಬಿಡುವ ತೆಳು ರಕ್ಷಣಾ ಪದರಕ್ಕೆ, ಹೇಳಿದ ದರ ಕೇಳಿ, ಆ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆಂದು ತಿಂಗಳುಗಟ್ಟಲೆ ಓದಿಕೊಂಡು, ಗೌರಿ ಗಣೇಶ ಹಬ್ಬದ ರಜೆಯಲ್ಲಿ ಎರಡು ದಿನ ಪೂರ್ತಿ ಕುಳಿತು ಮುಗಿಸಿದೆ. ಪಾಲಿಶ್ ಸೇರಿದಂತೆ ತಯಾರಿಯನ್ನೆಲ್ಲ ಕ್ರಮವಾಗಿಯೇ ಮಾಡಿದ್ದೇನೆ, ಅದರಲ್ಲಿ ಸಂಶಯ ಬೇಡ. ಮೊದಲ ಏಳು ದಿನ ಕಾರು ತೊಳೆಯಬಾರದೆಂದು ಬಾಟಲಿಯ ಮೇಲೆ ಬರೆದಿತ್ತು. ನಾನು ಕಾರನ್ನು ಒಂದಡಿಯೂ ಕದಲಿಸದೆ ಮೆಟ್ರೋದಲ್ಲಿ ಕಚೇರಿಗೆ ಹೋಗಿಬಂದೆ.

ಒಂಬತ್ತನೇ ದಿನ ಬೆಳಿಗ್ಗೆ ಬಿಸಿಲಿಗೆ ತಂದು ನೋಡಿದರೆ ಬಿಳಿ ಉಂಗುರಗಳು. ಕೆಲವು ಕಡಲೆಕಾಳಿನಷ್ಟು, ಕೆಲವು ರೂಪಾಯಿ ನಾಣ್ಯದಷ್ಟು. ಅಂಚು ದಪ್ಪ, ನಡುವೆ ತೆಳು. ಶಾಂಪೂ ಹಾಕಿ ತೊಳೆದೆ, ಹೋಗಲಿಲ್ಲ. ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿದೆ, ಹೋಗಲಿಲ್ಲ. ಇದಕ್ಕೆ ಕಾರಣವೇನು, ಪರಿಹಾರವೇನು, ದಯವಿಟ್ಟು ತಿಳಿಸಿ.

ಮಲ್ಲೇಶ್ವರದ ಮೈಕ್ರಾನ್:
ಇದು ಹೈ ಸ್ಪಾಟ್, ಅಂದರೆ ಸಮನಾಗಿ ಒರೆಸದೆ ದಪ್ಪವಾಗಿ ಉಳಿದು ಗಟ್ಟಿಯಾದ ಕೋಟಿಂಗ್. ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಕೋಟಿಂಗ್ ಹಚ್ಚಿದ ಮೇಲೆ ಅದರ ದ್ರಾವಕ ಆವಿಯಾಗಿ, ಮೈಮೇಲೆ ಕಾಮನಬಿಲ್ಲಿನ ಬಣ್ಣ ಮೂಡುವ ಹೊತ್ತಿಗೆ ಉಳಿದದ್ದನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಸಮ ಮಾಡಬೇಕು. ಈ ಅವಧಿ ಪದಾರ್ಥದಿಂದ ಪದಾರ್ಥಕ್ಕೆ ಬದಲಾಗುತ್ತದೆ, ಅರ್ಧ ನಿಮಿಷವೂ ಇರಬಹುದು, ಎರಡು ಮೂರು ನಿಮಿಷವೂ ಇರಬಹುದು. ಗಾಳಿಯ ತೇವವನ್ನು ಹೀರಿಕೊಂಡೇ ಗಟ್ಟಿಯಾಗುವ ಪದಾರ್ಥವಾದ್ದರಿಂದ ಬೆಂಗಳೂರಿನ ಮಳೆಗಾಲದಲ್ಲಿ ಈ ಕ್ರಿಯೆ ಬೇಗ ನಡೆಯುತ್ತದೆ. ಎರಡಡಿ ಚೌಕದ ಬದಲು ಇಡೀ ಬಾನೆಟ್‌ಗೆ ಒಮ್ಮೆಗೇ ಹಚ್ಚಿದರೆ ಒರೆಸಲು ಬರುವಷ್ಟರಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಪಾಲಿಶ್ ಮಾಡಿ ತೆಗೆದು, ಆ ಭಾಗಕ್ಕೆ ಮತ್ತೆ ಕೋಟಿಂಗ್ ಹಚ್ಚಿ.

ಕರಿಕುದುರೆ:
ಚೌಕ ಚೌಕವಾಗಿಯೇ ಹಚ್ಚಿದ್ದೇನೆ ಸರ್. ಪ್ರತಿ ಚೌಕಕ್ಕೂ ಎರಡು ಬಟ್ಟೆ ಬಳಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿದ್ದೇನೆ. ಆ ರಾತ್ರಿ ಒಂದು ಕಲೆಯೂ ಇರಲಿಲ್ಲ.

ಮಲ್ಲೇಶ್ವರದ ಮೈಕ್ರಾನ್:
ಆ ರಾತ್ರಿ ಕಾಣದಿದ್ದದ್ದು ಬಿಸಿಲಿನಲ್ಲಿ ಕಾಣುತ್ತದೆ. ಇಂಥವನ್ನು ನಾನು ನೂರಾರು ನೋಡಿದ್ದೇನೆ.

ಎರಡು ಬಕೆಟ್, ವೈಟ್‌ಫೀಲ್ಡ್:
ಮೈಕ್ರಾನ್ ಅವರ ಅನುಭವದ ಬಗ್ಗೆ ಗೌರವವಿದೆ, ಆದರೆ ಹೈ ಸ್ಪಾಟ್ ಎಂದೂ ಉಂಗುರದಂತೆ ಕಾಣುವುದಿಲ್ಲ. ಎಣ್ಣೆಗೈ ಒರೆಸಿದಂತೆ ಕಪ್ಪಾಗಿ ಎಳೆದುಕೊಂಡಿರುತ್ತದೆ. ಅಂಚು ದಪ್ಪವಾಗಿ ನಡುವೆ ತೆಳುವಾಗಿದ್ದರೆ ಅದು ನೀರಿನ ಹನಿ ಒಣಗಿ ಬಿಟ್ಟ ಗುರುತು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ ಗಡಸುತನ. ಬೇರೆ ಮೂಲವಿಲ್ಲದಿದ್ದರೆ 600ರ ತನಕ ಸಹಿಸಬಹುದು. ಅದಕ್ಕಿಂತ ಗಡಸಾದ ನೀರಿನಲ್ಲಿ ಕಾರು ತೊಳೆದು, ಒರೆಸದೆ ಬಿಸಿಲಿಗೆ ಬಿಟ್ಟರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಂಗುರವಾಗಿ ಉಳಿಯುತ್ತವೆ. ಕೋಟಿಂಗ್ ಇದ್ದರೆ ಹನಿ ಗೋಲಿಯಂತೆ ಎದ್ದು ನಿಲ್ಲುವುದರಿಂದ ಉಂಗುರಗಳು ಇನ್ನೂ ಎದ್ದುಕಾಣುತ್ತವೆ, ಕಡಿಮೆಯೇನೂ ಆಗುವುದಿಲ್ಲ. ಯಾವ ನೀರಿನಲ್ಲಿ ತೊಳೆಯುತ್ತೀರಿ?

ಕರಿಕುದುರೆ:
ತೊಳೆದೇ ಇಲ್ಲವಲ್ಲ! ಉಂಗುರಗಳನ್ನು ಕಂಡ ಮೇಲೆಯೇ ಮೊದಲ ಸಲ ತೊಳೆದದ್ದು, ಅದೂ ಕಾವೇರಿ ನೀರಿನಲ್ಲಿ. ಕಾರು ಬೇಸ್‌ಮೆಂಟಿನಲ್ಲಿಯೇ ಇದ್ದುದರಿಂದ ಮಳೆಯೂ ತಾಕಿಲ್ಲ.

ಹೆಬ್ಬಾಳದ ಹಳಬ:
ಕಾವೇರಿ ನೀರಿನಲ್ಲಿ ಕಾರು ತೊಳೆದೆನೆಂದು ಇಷ್ಟು ಧೈರ್ಯವಾಗಿ ಬರೆಯುತ್ತೀರಲ್ಲ. ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ 2024ರ ಮಾರ್ಚಿನಲ್ಲಿ ಆದೇಶ ಹೊರಡಿಸಿದ್ದು ಮರೆತುಹೋಯಿತೇ? ಅದಿರಲಿ, ಹೊಸ ಕಾರಿಗೆ ಪಾಲಿಶ್ ಕೊಟ್ಟದ್ದೇ ಮೊದಲ ತಪ್ಪು. ಕಾರ್ಖಾನೆಯ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರುವುದೇ ಸುಮಾರು 40 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಅದನ್ನು ಮೊದಲ ತಿಂಗಳಲ್ಲೇ ಉಜ್ಜಿ ತೆಗೆಯುವ ಬುದ್ಧಿವಂತಿಕೆ ನನಗೆ ಅರ್ಥವಾಗುವುದಿಲ್ಲ.

ಮಲ್ಲೇಶ್ವರದ ಮೈಕ್ರಾನ್:
ಹಳಬರೇ, ಹೊಸ ಕಾರು ಎಂದರೆ ಗೀರಿಲ್ಲದ ಕಾರು ಎಂದು ತಿಳಿದಿರುವುದು ನಿಮ್ಮ ತಪ್ಪು. ಟ್ರಕ್ಕಿನಲ್ಲಿ ಬಂದು, ಯಾರ್ಡಿನಲ್ಲಿ ವಾರಗಟ್ಟಲೆ ಧೂಳು ತಿಂದು, ಡೆಲಿವರಿಯ ಬೆಳಿಗ್ಗೆ ಒಂದೇ ಒದ್ದೆ ಬಟ್ಟೆಯಲ್ಲಿ ಹತ್ತು ಕಾರು ಒರೆಸುವ ಹುಡುಗನ ಕೈಗೆ ಸಿಕ್ಕ ಕಪ್ಪು ಕಾರಿನ ಮೇಲೆ ಜೇಡರಬಲೆಯಂಥ ಗೀರುಗಳು ಇರದಿದ್ದರೆ ಆಶ್ಚರ್ಯ. ಪಾಲಿಶ್ ಮಾಡದೆ ಕೋಟಿಂಗ್ ಹಚ್ಚಿದರೆ ಆ ಗೀರುಗಳ ಮೇಲೆಯೇ ಗಾಜು ಕೂರಿಸಿದಂತೆ. ಫಿನಿಶಿಂಗ್ ಪಾಲಿಶ್, ಅಂದರೆ ಕೊನೆಯ ಸುತ್ತಿನ ನಯವಾದ ಪಾಲಿಶ್, ಒಂದು ಸುತ್ತಿಗೆ ಒಂದೆರಡು ಮೈಕ್ರಾನ್‌ಗಿಂತ ಹೆಚ್ಚು ತೆಗೆಯುವುದಿಲ್ಲ.

ಹೆಬ್ಬಾಳದ ಹಳಬ:
ಗಾಜು ಎಂದಿರಲ್ಲ, ಅದೇ ಈ ವ್ಯಾಪಾರದ ಮಾಯೆ. ಒಂದೆರಡು ಮೈಕ್ರಾನ್ ದಪ್ಪವೂ ಇಲ್ಲದ ಪದರಕ್ಕೆ ಒಂಬತ್ತು ಎಚ್ ಗಡಸುತನವೆಂದು ಹೇಳಿ, ಬೀಗದ ಕೈಯಿಂದ ಗೀಚಿ ತೋರಿಸುತ್ತಾರೆ. ಒಂಬತ್ತು ಎಚ್ ಎಂಬುದು ಪೆನ್ಸಿಲ್ ಸೀಸದ ಅಳತೆ, ವಜ್ರದ ಅಳತೆಯಲ್ಲ. ಹೊಸೂರು ರಸ್ತೆಯಲ್ಲಿ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಕಲ್ಲೇಟಿಗೆ 150ರಿಂದ 200 ಮೈಕ್ರಾನ್ ದಪ್ಪದ ಪಿಪಿಎಫ್ (ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಒಂದೇ ಮದ್ದು.

ಗಾಜಿನ ಮನೆ, ಸರ್ಜಾಪುರ:
ಈ ಚರ್ಚೆ ನೋಡಿ ನನ್ನ ವ್ಯವಸ್ಥೆಯ ಬಗ್ಗೆ ಎರಡು ಮಾತು ಹೇಳಬೇಕೆನಿಸಿತು. ನಮ್ಮ ಗ್ಯಾರೇಜಿನ ಛಾವಣಿಗೆ ಆರು ಕೋನದ ಎಲ್‌ಇಡಿ ದೀಪಗಳನ್ನು ಸಾಲಾಗಿ ಹಾಕಿಸಿದ್ದೇನೆ, ನೆಲಕ್ಕೆ ಎಪಾಕ್ಸಿ. ನೀರು ಮೊದಲು ಸಾಫ್ಟ್‌ನರ್, ನಂತರ ಆರ್‌ಒ, ಕೊನೆಗೆ ಉಳಿದ ಲವಣವನ್ನೂ ಹಿಡಿದಿಡುವ ಡಿಅಯೊನೈಸಿಂಗ್ ರೆಸಿನ್ ದಾಟಿ ಬರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುತ್ತದೆ. ಒರೆಸುವ ಅಗತ್ಯವೇ ಇಲ್ಲ, ಕಾರು ತಾನಾಗಿ ಕಲೆಯಿಲ್ಲದೆ ಒಣಗುತ್ತದೆ. ಕಪ್ಪು ಕಾರು ಇಟ್ಟುಕೊಳ್ಳುವವರು ಇಷ್ಟಾದರೂ ಮಾಡಿಕೊಳ್ಳಬೇಕು.

ಎರಡು ಬಕೆಟ್:
ಗಾಜಿನ ಮನೆಯವರೇ, ಆ ಆರ್‌ಒ ಯಂತ್ರ ಒಂದು ಬಕೆಟ್ ನೀರಿಗೆ ಎಷ್ಟು ಬಕೆಟ್ ಚರಂಡಿಗೆ ಚೆಲ್ಲುತ್ತದೆಂಬ ಲೆಕ್ಕವನ್ನೂ ಬರೆದಿದ್ದರೆ ಚೆನ್ನಾಗಿತ್ತು.

ಕರಿಕುದುರೆ:
ದಯವಿಟ್ಟು ನನ್ನ ಕಾರಿನ ವಿಷಯಕ್ಕೆ ಬನ್ನಿ. ನಿನ್ನೆ ರಾತ್ರಿ ಮೈಕ್ರಾನ್ ಅವರ ಮಾತು ಕೇಳಿ ಒಂದು ಉಂಗುರದ ಮೇಲೆ ಕೈಯಿಂದಲೇ ಪಾಲಿಶ್ ಉಜ್ಜಿದೆ. ಉಂಗುರ ಹಾಗೆಯೇ ಇದೆ, ಸುತ್ತಲೂ ಸಣ್ಣ ಗೀರುಗಳು ಹೊಸದಾಗಿ ಬಂದಿವೆ. ಅಳುವುದೊಂದು ಬಾಕಿ.

ಹೊಂಗೆ ನೆರಳು, ಬಸವನಗುಡಿ:
ಉಜ್ಜುವುದನ್ನು ತಕ್ಷಣ ನಿಲ್ಲಿಸಿ. ಉಂಗುರದ ಮೇಲೆ ಬೆರಳಿನ ಉಗುರು ಮೆಲ್ಲಗೆ ಆಡಿಸಿ ನೋಡಿ: ತರಿ ತರಿಯಾಗಿ ತಾಕುತ್ತದೆಯೇ, ನುಣುಪಾಗಿದೆಯೇ? ತರಿಯಾಗಿದ್ದರೆ ಅದು ಮೇಲೆ ಕುಳಿತಿರುವ ಪದಾರ್ಥ. ಆ ಪುಡಿಯನ್ನೇ ನೀವು ಬಟ್ಟೆಯಲ್ಲಿ ಎಳೆದಾಡಿ ಗೀರು ಮಾಡಿದ್ದೀರಿ.

ಇನ್ನೂ ಎರಡು ಪ್ರಶ್ನೆಗಳಿವೆ, ಇವನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ, ನೀವೂ ಹೇಳಿಲ್ಲ. ಉಂಗುರಗಳು ಕಾರಿನ ಯಾವ ಯಾವ ಭಾಗದಲ್ಲಿವೆ? ಬಾಗಿಲುಗಳ ಮೇಲೆ ಇವೆಯೇ? ಆ ಏಳು ದಿನ ಕಾರು ನಿಂತದ್ದು ನಿಮ್ಮ ಮಾಮೂಲಿ ಜಾಗದಲ್ಲಿಯೋ ಬೇರೆಡೆಯೋ? ನಾನು ಕಟ್ಟಡ ಕೆಲಸದವನು, ಕಾರಿನ ಪಾಲಿಶ್ ಬಗ್ಗೆ ನನಗೆ ಇವರಷ್ಟು ತಿಳಿಯದು. ಆದರೆ ನಿಮ್ಮ ಉಂಗುರಗಳ ವರ್ಣನೆ ಓದಿದಾಗ ನನಗೆ ನೆನಪಾದದ್ದು ಕಾರಲ್ಲ, ಛಾವಣಿ.

ಕರಿಕುದುರೆ:
ತರಿ ತರಿಯಾಗಿದೆ. ಬಾಗಿಲುಗಳ ಮೇಲೆ ಒಂದೂ ಇಲ್ಲ. ರೂಫಿನ ಬಲಭಾಗದಲ್ಲಿ ಒಂಬತ್ತು, ಬಾನೆಟ್‌ನ ಬಲಭಾಗದಲ್ಲಿ ಐದು, ಮುಂದಿನ ಗಾಜಿನ ಮೇಲೆಯೂ ಮೂರು ಇವೆ. ಗಾಜಿನ ವಿಷಯ ಅಷ್ಟು ಮುಖ್ಯವಲ್ಲವೆಂದು ಬರೆದಿರಲಿಲ್ಲ. ಈಗ ನೋಡಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ.

ನಿಂತದ್ದು ನನ್ನ ಜಾಗದಲ್ಲಲ್ಲ. ಪಾಲಿಶರ್‌ಗೆ ಪ್ಲಗ್ ಪಾಯಿಂಟ್ ಬೇಕಾಗಿದ್ದರಿಂದ, ಖಾಲಿ ಬಿದ್ದಿದ್ದ ಕಂಬದ ಪಕ್ಕದ ಜಾಗಕ್ಕೆ ತಂದು ಕೆಲಸ ಮಾಡಿ, ಕದಲಿಸಬಾರದೆಂದು ಅಲ್ಲಿಯೇ ಬಿಟ್ಟಿದ್ದೆ. ಆ ಜಾಗವನ್ನು ಯಾರೂ ಬಳಸುವುದಿಲ್ಲ. ಏಕೆ ಬಳಸುವುದಿಲ್ಲವೆಂದು ಈಗ ಹೋಗಿ ನೋಡಿ ಬಂದೆ. ಎರಡು ಕಟ್ಟಡಗಳು ಕೂಡುವಲ್ಲಿ ಛಾವಣಿಯ ಉದ್ದಕ್ಕೂ ಎರಡು ಬೆರಳು ಅಗಲದ ಸಂದಿಯಿದೆ. ಅದರ ಅಂಚಿನಲ್ಲಿ ಬಿಳಿಯ ಕಡ್ಡಿಗಳು ನೇತಾಡುತ್ತಿವೆ, ಎಳನೀರು ಹೀರುವ ಕೊಳವೆಯಷ್ಟು ದಪ್ಪ, ಒಂದು ಗೇಣಿನಷ್ಟು ಉದ್ದ. ಒಂದರ ತುದಿಯಲ್ಲಿ ಹನಿ ನಿಂತಿತ್ತು. ಮೊಬೈಲಿನಲ್ಲಿ ಗಡಿಯಾರ ಹಚ್ಚಿ ನಿಂತೆ. ನಲವತ್ತು ಸೆಕೆಂಡಿಗೆ ಒಂದು ಹನಿ ಕೆಳಗೆ ಬಿತ್ತು. ನೆಲದಲ್ಲಿ ಅದೇ ಗೆರೆಯಲ್ಲಿ ಬಿಳಿ ಬೊಬ್ಬೆಗಳಂತೆ ಗಟ್ಟಿಯಾಗಿ ಬೆಳೆದಿದೆ. ಮೇಲುಗಡೆ ಮಕ್ಕಳ ಉದ್ಯಾನವಿದೆ, ಹಬ್ಬದ ವಾರ ಮೂರು ದಿನ ಮಳೆ ಸುರಿದಿತ್ತು.

ಹೊಂಗೆ ನೆರಳು:
ನಿಮ್ಮ ಉಂಗುರಗಳು ಸುಣ್ಣ. ಮಳೆನೀರು ಉದ್ಯಾನದ ಮಣ್ಣಿನಿಂದ ಇಳಿದು, ಕಾಂಕ್ರೀಟಿನ ಬಿರುಕು ಸಂದಿಗಳಲ್ಲಿ ಜಿನುಗುವಾಗ ಸಿಮೆಂಟಿನಲ್ಲಿರುವ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ತಟ್ಟೆಯಲ್ಲಿ ಹಿಡಿದರೆ ಶುದ್ಧ ನೀರಿನಂತೆಯೇ ಕಾಣುತ್ತದೆ, ಆದರೆ ಅದು ಸುಣ್ಣದ ತಿಳಿನೀರು. ಪೂರ್ತಿ ಕರಗಿದ ಸುಣ್ಣದ ನೀರಿನ ಪಿಎಚ್ ಹನ್ನೆರಡನ್ನು ದಾಟುತ್ತದೆ, ಅಂದರೆ ಅದು ಪ್ರಬಲ ಕ್ಷಾರ. ಎಲೆಗೆ ಸುಣ್ಣ ಒಂದು ಕೂದಲಷ್ಟು ಹೆಚ್ಚಾದರೆ ನಾಲಿಗೆ ಏನಾಗುತ್ತದೆಂದು ಹಿರಿಯರಿಗೆ ಗೊತ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿದೊಡನೆ ಅದು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಯಾಗುತ್ತದೆ. ಛಾವಣಿಯಲ್ಲಿ ಕಡ್ಡಿ, ನೆಲದಲ್ಲಿ ಬೊಬ್ಬೆ, ನಿಮ್ಮ ಕಾರಿನ ಮೇಲೆ ಉಂಗುರ. ಗಾಜಿಗೆ ನೀವು ಕೋಟಿಂಗ್ ಹಚ್ಚಿರಲಿಕ್ಕಿಲ್ಲ, ಆದರೂ ಅಲ್ಲಿ ಉಂಗುರ ಬಿದ್ದಿದೆ; ಹೈ ಸ್ಪಾಟ್ ಅಲ್ಲವೆನ್ನಲು ಅಷ್ಟು ಸಾಕು.

ಬಿಳಿ ವಿನೆಗರ್ ಮತ್ತು ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆಂದು ಮಾರುವ ಡಿಸ್ಟಿಲ್ಡ್ ವಾಟರ್ ಸಮಪ್ರಮಾಣದಲ್ಲಿ ಬೆರೆಸಿ, ಹತ್ತಿಯಲ್ಲಿ ಅದ್ದಿ ಮೊದಲು ಗಾಜಿನ ಮೇಲಿನ ಉಂಗುರಕ್ಕೆ ಇಡಿ. ಸಣ್ಣ ಗುಳ್ಳೆಗಳು ಎದ್ದರೆ ನನ್ನ ಮಾತು ನಿಜ. ನಂತರ ಬಣ್ಣದ ಮೇಲೆ, ನೆರಳಿನಲ್ಲಿ, ಲೋಹ ತಣ್ಣಗಿರುವಾಗ, ಒಂದು ನಿಮಿಷ ಇಟ್ಟು ಎತ್ತಿ, ಧಾರಾಳವಾಗಿ ತೊಳೆಯಿರಿ, ಮತ್ತೆ ಇಡಿ. ಉಜ್ಜಬೇಡಿ, ಒಣಗಲು ಬಿಡಬೇಡಿ. ಅಸಹನೆಯಿಂದ ಬಾತ್‌ರೂಮಿನ ಆ್ಯಸಿಡ್ ತಂದು ಸುರಿಯಬೇಡಿ. ನಮ್ಮ ಸೈಟಿನಲ್ಲಿ ಒಬ್ಬರು ಹಾಗೆ ಮಾಡಿ ಬಾನೆಟ್ ಪೂರ್ತಿ ಪೇಂಟ್ ಮಾಡಿಸಬೇಕಾಯಿತು.

ಮಲ್ಲೇಶ್ವರದ ಮೈಕ್ರಾನ್:
ಗಾಜಿನ ಮೇಲೆಯೂ ಇದೆಯೆಂದು ಮೊದಲೇ ಹೇಳಿದ್ದರೆ ನಾನು ಹೈ ಸ್ಪಾಟ್ ಎನ್ನುತ್ತಿರಲಿಲ್ಲ. ಈ ತೇವದಲ್ಲಿ ಒಂದೆರಡು ಹೈ ಸ್ಪಾಟ್ ಕೂಡ ಇದ್ದೇ ಇರುತ್ತವೆ, ಅದು ಬೇರೆ ಮಾತು.

ಸುಣ್ಣ ಹೋದ ಮೇಲೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಸಿಲಿಕಾ ಆಧಾರದ ಪದರ ಆಮ್ಲವನ್ನು ತಡೆದುಕೊಂಡಷ್ಟು ಪ್ರಬಲ ಕ್ಷಾರವನ್ನು ತಡೆದುಕೊಳ್ಳುವುದಿಲ್ಲ, ಅದರಲ್ಲೂ ಇನ್ನೂ ಪೂರ್ತಿ ಗಟ್ಟಿಯಾಗದ ಮೊದಲ ವಾರದಲ್ಲಿ. ಉಂಗುರ ಇದ್ದ ಕಡೆ ನೀರು ಚಿಮುಕಿಸಿ. ಹನಿ ಗೋಲಿಯಾಗದೆ ಚಪ್ಪಟೆಯಾಗಿ ಹರಡಿದರೆ ಅಲ್ಲಿ ಕೋಟಿಂಗ್ ಹೋಗಿದೆ. ಓರೆ ಬೆಳಕಿನಲ್ಲಿ ಕುಳಿಯ ನೆರಳು ಕಂಡರೆ ಕ್ಲಿಯರ್ ಕೋಟ್‌ಗೂ ತಾಕಿದೆ. ಆಗ ಮೆದು ಪ್ಯಾಡ್, ಫಿನಿಶಿಂಗ್ ಪಾಲಿಶ್, ಯಂತ್ರದಲ್ಲಿಯೇ, ಕೈಯಲ್ಲಿ ಬೇಡ. ಪೇಂಟ್ ಗೇಜ್ ಸಿಕ್ಕರೆ ಅಳತೆ ಬರೆದಿಟ್ಟುಕೊಳ್ಳಿ, ಆದರೆ ಅದು ಪ್ರೈಮರ್‌ನಿಂದ ಕ್ಲಿಯರ್ ಕೋಟ್ ತನಕ ಒಟ್ಟು ದಪ್ಪವನ್ನು ಹೇಳುತ್ತದೆಯೇ ಹೊರತು ಕ್ಲಿಯರ್ ಕೋಟ್ ಎಷ್ಟು ಉಳಿದಿದೆಯೆಂದು ಹೇಳುವುದಿಲ್ಲ. ರೂಫ್ ಮತ್ತು ಬಾನೆಟ್ ಎರಡಕ್ಕೂ ಪೂರ್ತಿಯಾಗಿ ಮತ್ತೆ ಕೋಟಿಂಗ್ ಹಚ್ಚಿ. ತೇಪೆ ಹಾಕಿದರೆ ಕಪ್ಪಿನ ಮೇಲೆ ಗಡಿ ಕಾಣುತ್ತದೆ.

ಹೆಬ್ಬಾಳದ ಹಳಬ:
ಇದಕ್ಕೆಲ್ಲ ಇನ್ನೂರು ರೂಪಾಯಿಯ ಟಾರ್ಪಾಲು ಸಾಕಾಗುತ್ತಿತ್ತು.

ಮಲ್ಲೇಶ್ವರದ ಮೈಕ್ರಾನ್:
ಹಸಿ ಕೋಟಿಂಗ್ ಮೇಲೆ ಟಾರ್ಪಾಲು! ದಯವಿಟ್ಟು ಯಾರೂ ಇದನ್ನು ಪಾಲಿಸಬೇಡಿ.

ಕರಿಕುದುರೆ:
ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ಶನಿವಾರ ಸಂಜೆ ಹತ್ತಿ ಹಿಡಿದು ಕುಳಿತೆ. ಗಾಜಿನ ಮೇಲೆ ಇಟ್ಟ ಕೂಡಲೇ ಸೋಡಾ ಬಾಟಲಿ ತೆರೆದಂತೆ ಸಣ್ಣಗೆ ನೊರೆ ಎದ್ದಿತು, ಮೂರನೇ ಸಲಕ್ಕೆ ಗಾಜು ಸ್ವಚ್ಛ. ಬಣ್ಣದ ಮೇಲಿನ ಹದಿನಾಲ್ಕರಲ್ಲಿ ಹತ್ತು ಯಾವ ಗುರುತೂ ಇಲ್ಲದೆ ಹೋದವು. ನಾಲ್ಕರಲ್ಲಿ ಸುಣ್ಣ ಹೋಗಿದೆ, ಆದರೆ ಟಾರ್ಚ್ ಓರೆ ಹಿಡಿದರೆ ಉಂಗುರದ ನೆರಳು ಉಳಿದಿದೆ. ಅದರಲ್ಲಿ ಒಂದು ನಾನು ಕೈಯಿಂದ ಉಜ್ಜಿದ್ದದ್ದೇ. ಅಲ್ಲೆಲ್ಲ ನೀರು ಚಪ್ಪಟೆಯಾಗಿ ಕೂರುತ್ತದೆ, ಮೈಕ್ರಾನ್ ಅವರು ಹೇಳಿದ ಹಾಗೆಯೇ.

ಸಂಘದ ಕಾರ್ಯದರ್ಶಿಯವರಿಗೆ ಫೋಟೋ ಕಳಿಸಿದ್ದೇನೆ. ಸೋರಿಕೆಯನ್ನು ಬಿಲ್ಡರ್ ಸರಿಮಾಡಬೇಕೋ ಸಂಘವೋ ಎಂಬುದು ಎರಡು ವರ್ಷದಿಂದ ತೀರ್ಮಾನವಾಗಿಲ್ಲವಂತೆ, ಅದು ನನ್ನ ಜಾಗವೂ ಅಲ್ಲವಂತೆ. ಈಗ ಅಲ್ಲಿ ಯಾರೋ ಒಂದು ಬಕೆಟ್ ಇಟ್ಟಿದ್ದಾರೆ.

ಮಳೆ ಪೂರ್ತಿ ನಿಂತ ಮೇಲೆ, ದೀಪಾವಳಿ ಕಳೆದು, ನನ್ನ ಸ್ವಂತ ಜಾಗದಲ್ಲಿಯೇ ಉದ್ದದ ಎಕ್ಸ್‌ಟೆನ್ಷನ್ ವೈರ್ ಎಳೆದುಕೊಂಡು ಮತ್ತೆ ಪಾಲಿಶ್ ಮಾಡುವವನಿದ್ದೇನೆ. ಉಳಿದ ಕೋಟಿಂಗ್ ಬಾಟಲಿಯಲ್ಲಿ ಆರೇಳು ಮಿಲಿಲೀಟರ್ ಇದೆ, ಮುಚ್ಚಳ ಒಮ್ಮೆ ತೆರೆದದ್ದು. ಅದನ್ನೇ ಬಳಸಬಹುದೇ?

ಎರಡು ಬಕೆಟ್:
ಬಾಟಲಿಯನ್ನು ಅಲ್ಲಾಡಿಸಿ ನೋಡಿ. ತಳದಲ್ಲಿ ಹರಳು ಕಟ್ಟಿದ್ದರೆ ಎಸೆಯಿರಿ, ಹೊಸದು ತನ್ನಿ. ತೆರೆದ ಬಾಟಲಿಯೊಳಗೂ ತೇವ ಸೇರಿ ಅದು ತಾನಾಗಿ ಗಟ್ಟಿಯಾಗುತ್ತದೆ. ಆ ಹರಳೊಂದು ಬಟ್ಟೆಗೆ ಸಿಕ್ಕರೆ ಕಪ್ಪು ರೂಫಿನ ಮೇಲೆ ಇನ್ನೊಂದು ಚರ್ಚೆ ತೆರೆಯಬೇಕಾಗುತ್ತದೆ.